ಜಗಲಿಯಿಲ್ಲದ ಸೌಧ

ಸಿದ್ದಾಪುರ
೧೬ ಜೂನ್ ೨೦೨೨

ಸುಭಾಷಾ,

ನಾನು ಬದುಕಿದ್ದೇನೆ. ನೀನೂ ಬದುಕಿದ್ದೀಯೆಂದು ಮೊನ್ನೆ ಕಣ್ಣಾರೆ ಕಂಡೆ. ಆದ್ದರಿಂದ ಕ್ಷೇಮ ಸಮಾಚಾರದ ಸಾಲುಗಳನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ.

ಸೋಮವಾರ ನಿಮ್ಮ ಇಲಾಖೆಯ ಜೀಪು ಹಳೇ ತಾಲೂಕು ಕಚೇರಿಯ ಅಂಗಳಕ್ಕೆ ಬಂದಾಗ ನಾನು ಜಗಲಿಯಲ್ಲಿ ನನ್ನ ಮೇಜಿನ ಹಿಂದೆಯೇ ಇದ್ದೆ. ಇನ್ನೆಲ್ಲಿರಲಿ? ನಿನ್ನ ಭಾವ ತೀರಿಹೋದ ಮೇಲೆ ಅವರ ಮೇಜು, ಅವರ ಕನ್ನಡಕದ ಡಬ್ಬಿ, ಅವರ ಗಿರಾಕಿಗಳು ಎಲ್ಲ ನನಗೇ ಬಂದವು. ಊರವರಿಗೆ ಅರ್ಜಿ ಬರೆದುಕೊಟ್ಟು ನಿನ್ನನ್ನು ಇಂಜಿನಿಯರಿಂಗ್ ಓದಿಸಿದ್ದು ಆ ಮೇಜು. ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ನಾವು ಕರೆತಂದಾಗ, ಶಾಲೆ ಬಿಟ್ಟವನೇ ಅದರ ಕೆಳಗೆ ನುಸುಳಿ ಕಾಪಿ ಬರೆಯುತ್ತಿದ್ದೆ. ಮೇಜಿನ ಒಳಮೈಯಲ್ಲಿ ನಿನ್ನ ಪೆನ್ಸಿಲಿನ ಗೀಟುಗಳು ಈಗಲೂ ಇವೆ.

ನಿನ್ನ ಸಂಗಡ ಇನ್ನೂ ಕೆಲವು ಸಾಹೇಬರಿದ್ದರು. ಅವರು ಗೋಡೆ ನೋಡಿದರು, ಮಾಡು ನೋಡಿದರು, ಚಾ ಕುಡಿದರು. ನೀನು ಟೇಪು ಹಿಡಿದು ಜಗಲಿ ಅಳೆಯುತ್ತ ಬಂದೆ. ಟೇಪು ನನ್ನ ಮೇಜಿನ ಕಾಲಿಗೆ ತಾಗಿ ನಿಂತಿತು. "ಸ್ವಲ್ಪ ಆಚೆ ಸರೀರಿ" ಎಂದೆ. ಮುಖ ನೋಡಲಿಲ್ಲ. ಹುಟ್ಟಿದಾಗಿನಿಂದ ನೀನು ನನಗೆ ಬಹುವಚನ ಹಾಕಿದ್ದು ಅದೇ ಮೊದಲು. ಸರಿದೆ. ಸಾಹೇಬರು ಹೇಳಿದ ಮೇಲೆ ಸರಿಯಬೇಕಲ್ಲ.

ಇದೇನೂ ಹೊಸದಲ್ಲ ಬಿಡು. ಶಿರಸಿಯಲ್ಲಿ ನಿನ್ನ ಹೊಸ ಮನೆಯ ಗೃಹಪ್ರವೇಶದ ದಿನ ನಿಮ್ಮ ದೊಡ್ಡ ಸಾಹೇಬರು ನನ್ನನ್ನು ತೋರಿಸಿ "ಇವರು ಯಾರು?" ಎಂದು ಕೇಳಿದರು. ನೀನು "ನಮ್ಮೂರಿನವರು" ಎಂದೆ. ನಾನು ಹೋಳಿಗೆ ಬಡಿಸುತ್ತಿದ್ದೆ. ಪಂಕ್ತಿ ಮುಗಿಯುವವರೆಗೂ ಬಡಿಸಿ, ಕೈ ತೊಳೆದು, ಉಣ್ಣದೆ ಬಸ್ಸು ಹತ್ತಿದೆ. ಅಕ್ಕ ಫೋನು ಯಾಕೆ ಎತ್ತುವುದಿಲ್ಲ ಎಂದು ನೇತ್ರಾಳ ಹತ್ತಿರ ಕೇಳಿಸಿದೆಯಲ್ಲ, ಅದಕ್ಕೇ. ನಿನ್ನ ಹೆಂಡತಿ ಒಳ್ಳೆಯವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಈಗ ಕೇಳಬೇಕಾದದ್ದು. ಹಳೇ ಕಚೇರಿ ಕೆಡವಿ 'ಜನಸೇವಾ ಸೌಧ' ಕಟ್ಟುತ್ತಾರೆಂದು ಪೇಪರಿನಲ್ಲಿ ಬಂದಿದೆ. ಕಟ್ಟಿ. ಸೋರುವ ಮಾಡಿನ ಕೆಳಗೆ ಕಾಗದ ಬಚ್ಚಿಟ್ಟು ಬಚ್ಚಿಟ್ಟು ನಮಗೂ ಸಾಕಾಗಿದೆ. ಆದರೆ ಹೊಸದರಲ್ಲಿ ಜಗಲಿ ಇದೆಯಾ? ನಾನು ಎಲ್ಲಿ ಕೂರಬೇಕು? ಅದಕ್ಕೆ ಉತ್ತರ ಬರೆ. ಫೋನಿನಲ್ಲಾದರೆ ನೀನು "ಹ್ಞಾಂ, ಹ್ಞಾಂ, ನೋಡುವ" ಎನ್ನುತ್ತೀಯ. ಕಾಗದದಲ್ಲಿ ಹಾಗೆನ್ನಲು ಬರುವುದಿಲ್ಲ.

ನಿನ್ನ ಅಕ್ಕ (ನಾನಂತೂ ಹಾಗೆಂದೇ ತಿಳಿದಿದ್ದೇನೆ),
ಮಹೇಶ್ವರಿ


ಶಿರಸಿ
೨ ಜುಲೈ ೨೦೨೨

ಅಕ್ಕಾ,

ನಿನಗೆ ಉತ್ತರ ಬರೆಯಲು ಕೂತರೆ ತಪ್ಪು ಕಾಪಿ ಹಿಡಿದು ನಿನ್ನೆದುರು ನಿಂತ ಹಾಗಾಗುತ್ತದೆ. ಅದಕ್ಕೇ ತಡವಾಯಿತು.

ಸೋಮವಾರದ ವಿಷಯ ಹೇಳುತ್ತೇನೆ. ದೊಡ್ಡ ಸಾಹೇಬರು ಪಕ್ಕದಲ್ಲೇ ಇದ್ದರು. ಆ ಜಗಲಿಯಲ್ಲಿ ನನ್ನ ಅಕ್ಕ ಕೂತು ದುಡಿಯುತ್ತಾಳೆಂದು ಗೊತ್ತಾದರೆ, ಆಮೇಲೆ ಆ ಜಾಗದ ಪರವಾಗಿ ನಾನು ಏನು ಬರೆದರೂ ಮನೆಯವರಿಗಾಗಿ ಬರೆದ ಎನ್ನುತ್ತಾರೆ. ಅದಕ್ಕಾಗಿ ಹಾಗೆ ಮಾಡಿದೆ. ಗೃಹಪ್ರವೇಶದ ದಿನಕ್ಕೆ ನನ್ನ ಹತ್ತಿರ ಇಂಥ ಕಾರಣವಿಲ್ಲ. ಅದನ್ನು ಮತ್ತೆ ಎತ್ತಬೇಡ ಅಕ್ಕಾ, ಬೇಡಿಕೊಳ್ಳುತ್ತೇನೆ.

ಕಟ್ಟಡಕ್ಕೆ ಎರಡು ಜಾಗ ನೋಡಿದ್ದಾರೆ. ಒಂದು, ಹಳೇ ಕಚೇರಿ ಇರುವಲ್ಲೇ, ಬಸ್ ಸ್ಟ್ಯಾಂಡಿನ ಹತ್ತಿರ. ಇನ್ನೊಂದು ಊರಾಚೆ ಗುಡ್ಡೆಕೊಪ್ಪದ ಏರಿನ ಮೇಲೆ. ಅಲ್ಲಿ ಜಾಗ ವಿಶಾಲವಾಗಿದೆ, ಸರಕಾರದ್ದೇ ಇದೆ, ವಾಹನ ನಿಲ್ಲಿಸಲು ಅನುಕೂಲ. ಆದರೆ ಬಸ್ಸಿಳಿದವರು ಆಟೋ ಹಿಡಿಯಬೇಕು, ಇಲ್ಲವೇ ಏರು ಹತ್ತಬೇಕು. ಯಾವುದೆಂದು ಇನ್ನೂ ನಿರ್ಧಾರವಾಗಿಲ್ಲ. ಎರಡನ್ನೂ ಹೋಲಿಸಿ ವರದಿ ಬರೆಯುವುದು ಮತ್ತು ನಕ್ಷೆ ಮಾಡುವುದು ನನ್ನ ಪಾಲಿಗೆ ಬಂದಿದೆ. ಹಳೇ ಜಾಗವೇ ಆಗಬೇಕೆಂದು ಬರೆಯುತ್ತೇನೆ.

ಬೆಂಗಳೂರಿನಿಂದ ಬಂದ ಮಾದರಿ ನಕ್ಷೆಯಲ್ಲಿ ಜಗಲಿ ಇಲ್ಲ. ಮುಂದೆ ಮೆಟ್ಟಿಲು, ಆಮೇಲೆ ಗಾಜಿನ ಬಾಗಿಲು, ಅಷ್ಟೇ. ನಾನು ನಮ್ಮ ನಕ್ಷೆಯಲ್ಲಿ ಮುಂಭಾಗದ ಉದ್ದಕ್ಕೂ ಜಗಲಿ ಎಳೆದಿದ್ದೇನೆ, ಗೋಡೆಗೆ ತಾಗಿ ಕಲ್ಲಿನ ಕಟ್ಟೆ ಹಾಕಿದ್ದೇನೆ. 'ಸಾರ್ವಜನಿಕರು ಕಾಯುವ ಸ್ಥಳ' ಎಂದು ಹೆಸರಿಟ್ಟಿದ್ದೇನೆ, ಯಾರೂ ತಕರಾರು ಮಾಡದ ಹಾಗೆ. ಅದರ ಎಡತುದಿಯ ಮೂಲೆ ನಿನ್ನದು. ಮಾತು ಕೊಡುತ್ತೇನೆ.

ನಿನ್ನ ತಮ್ಮ,
ಸುಭಾಷ


ಸಿದ್ದಾಪುರ
೨೧ ಆಗಸ್ಟ್ ೨೦೨೨

ಸುಭಾಷಾ,

ನಿನ್ನ ಮಾತು ನಂಬಿದ್ದೇನೆ. ನಂಬದಿರಲು ಕಾರಣಗಳಿದ್ದರೂ ನಂಬಿದ್ದೇನೆ. ಎಡತುದಿ ಎಂದೆಯಲ್ಲ, ಆ ಕಡೆ ಮಳೆಯ ಎರಚಲು ಹೊಡೆಯುತ್ತದೋ ಇಲ್ಲವೋ ನೋಡಿಕೋ. ಇಷ್ಟು ಕೇಳಲು ನನಗೂ ನಾಚಿಕೆಯಾಗುತ್ತದೆ. ಊಟದ ಎಲೆ ಹಾಕುವ ಮೊದಲೇ ಪಾಯಸ ಕೇಳಿದ ಹಾಗೆ.

ಸುಬ್ಬಿ ನೆನಪಿದ್ದಾಳಾ? ನಿನಗೆ ಕವಳಿ ಹಣ್ಣು ತಂದುಕೊಡುತ್ತಿದ್ದವಳು. ಅವಳ ಗಂಡ ಸತ್ತು, ಗದ್ದೆಯ ಪಹಣಿಗೆ ಅವಳ ಹೆಸರು ಸೇರಬೇಕು. ಬೆಳಗಿನ ಬಸ್ಸಿಗೆ ಬರುತ್ತಾಳೆ, ನನ್ನ ಹತ್ತಿರ ಬರೆಸುತ್ತಾಳೆ, ಒಳಗೆ ಕೊಡುತ್ತಾಳೆ, ಅದೇ ಬಸ್ಸು ತಿರುಗಿ ಹೋಗುವಾಗ ಹತ್ತುತ್ತಾಳೆ. "ಕಚೇರಿ ಗುಡ್ಡೆಕೊಪ್ಪಕ್ಕೆ ಹೋಗ್ತದಂತೆ, ಹೌದನೇ ಅಮಾ? ನಂಗೆ ಆ ಏರು ಹತ್ತುಕೆ ಆಗುದಿಲ್ಲ" ಎಂದಳು. "ಹೋಗುವುದಿಲ್ಲ. ಕಟ್ಟುವವನು ನನ್ನ ತಮ್ಮ" ಎಂದೆ. ಅಷ್ಟು ಜನರ ಮುಂದೆ ಗಟ್ಟಿಯಾಗಿ ಹೇಳಿದೆ. ನೀನು ಹೇಳದಿದ್ದರೇನು, ನಾನು ಹೇಳಿಕೊಳ್ಳಬಹುದಲ್ಲ.

ಇನ್ನೊಂದು ಸಂಗತಿ. ಗುಡ್ಡೆಕೊಪ್ಪದ ರಸ್ತೆಗೆ ತಾಗಿ ಜಾಗ ಇಟ್ಟುಕೊಂಡಿರುವ ನಾಗಪತಿ ಮೊನ್ನೆ ಬಂದಿದ್ದ. ಹೊಸ ಕಟ್ಟಡ ಅಲ್ಲಿಯೇ ಆಗಬೇಕೆಂದು ನಾಗರಿಕರ ಹೆಸರಿನಲ್ಲಿ ಮನವಿ ಕೊಡಬೇಕಂತೆ, ಬರೆದುಕೊಡು ಎಂದ. ನೀನು ಈಗ ಹಲ್ಲು ಕಡಿಯುತ್ತಿರಬಹುದು. ನಿನ್ನ ಭಾವ ಹೇಳುತ್ತಿದ್ದದ್ದು ಮರೆತೆಯಾ? ಬರೆಸಲು ಬಂದವನ ಪಕ್ಷ ಕೇಳಬಾರದು. ಮೇಜಿನ ಆಚೆ ನಿಂತವರಿಗೆ ಪಕ್ಷ ಉಂಟು, ಈಚೆ ಕೂತವರಿಗೆ ಇಲ್ಲ. ಬೆಳಿಗ್ಗೆ ಹೆಂಡತಿಗೆ ಬರೆದ ಕೈಯಲ್ಲೇ ಮಧ್ಯಾಹ್ನ ಗಂಡನಿಗೂ ಬರೆದುಕೊಟ್ಟಿದ್ದಾರೆ ಅವರು. ಇಬ್ಬರೂ ನಂಬಿಯೇ ಬಂದಿದ್ದರು.

ನಾಗಪತಿ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ನಡುವೆ, "ಹಳೇ ಕಚೇರಿಯ ಜಗಲಿಯಲ್ಲಿ ಯಾರ್ಯಾರೋ ಕೂತು ಜನರ ದಾರಿ ತಪ್ಪಿಸ್ತಾ ಇದ್ದಾರೆ ಹೇಳಿ ಒಂದು ಸಾಲು ಇರಲಿ" ಎಂದ.

"ಯಾರು, ನಾನಾ?" ಎಂದೆ.

"ಛೆ ಛೆ, ನಿಂಗೆ ಹೇಳಿದ್ದಲ್ಲ ಮಾರಾಯ್ತಿ. ಒಟ್ಟಾರೆ ಹೇಳುದು."

ನಕ್ಕೆ. ಬರೆದೆ. ಅವನು ಹೇಳಿದ್ದಕ್ಕಿಂತ ಚೆನ್ನಾಗಿಯೇ ಬರೆದೆ: 'ಸದರಿ ಕಚೇರಿಯ ಜಗಲಿಯನ್ನು ಅನಧಿಕೃತ ವ್ಯಕ್ತಿಗಳು ಆಕ್ರಮಿಸಿಕೊಂಡಿದ್ದು, ಅಮಾಯಕ ಸಾರ್ವಜನಿಕರು ಕಚೇರಿಯ ಬಾಗಿಲು ಮುಟ್ಟುವ ಮೊದಲೇ ಶೋಷಣೆಗೆ ಒಳಗಾಗುತ್ತಿದ್ದಾರೆ.' ಹೇಗಿದೆ? ಸಪ್ಪೆಯಾಗಿ ಬರೆದುಕೊಟ್ಟಿದ್ದರೆ ಮಹೇಶ್ವರಿ ಬೇಕೆಂದೇ ಕೆಡಿಸಿದಳು ಎನ್ನುತ್ತಿದ್ದರು. ನಿನ್ನ ಭಾವನ ಮೇಜಿಗೆ ಆ ಹೆಸರು ಬರಬಾರದೆಂದು ಒಂದು ಕೈ ಹೆಚ್ಚೇ ಮಾಡಿದೆ. ಹೇಗೂ ವರದಿ ಬರೆಯುವವನು ನೀನಲ್ಲವಾ, ನನಗೇನು ಹೆದರಿಕೆ.

ನಿನ್ನ ಅಕ್ಕ,
ಮಹೇಶ್ವರಿ


ಶಿರಸಿ
೧೯ ಸೆಪ್ಟೆಂಬರ್ ೨೦೨೨

ಅಕ್ಕಾ,

ಎಂಥ ಕೆಲಸ ಮಾಡಿಬಿಟ್ಟೆ!

ನಿನ್ನೆ ಮೊನ್ನೆಯವರೆಗೆ ಗುಡ್ಡೆಕೊಪ್ಪದ ಬಗ್ಗೆ ಯಾರಿಗೂ ಅಂಥ ಉತ್ಸಾಹವಿರಲಿಲ್ಲ. ಶುಕ್ರವಾರದ ಸಭೆಯಲ್ಲಿ ನಾಗಪತಿಯ ಮನವಿ ಬಂತು. ದೊಡ್ಡ ಸಾಹೇಬರು ಮೊದಲ ಪುಟ ಮನಸ್ಸಿನಲ್ಲೇ ಓದಿದರು. ಎರಡನೆಯದನ್ನು ಗಟ್ಟಿಯಾಗಿ ಓದಿದರು. 'ಬಾಗಿಲು ಮುಟ್ಟುವ ಮೊದಲೇ' ಎಂಬಲ್ಲಿ ನಿಲ್ಲಿಸಿ, "ಯಾವ ವಕೀಲ ಬರೆದಿದ್ದು ಇದು? ಭೇಷ್!" ಎಂದರು. ಎಲ್ಲರೂ ತಲೆದೂಗಿದರು. ನೀನು ಪತ್ರದಲ್ಲಿ ತಿಳಿಸದಿದ್ದರೂ ಸಾಲು ಶುರುವಾಗುವ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು ಅದು ಯಾರದೆಂದು. ಅಂಥ ಸಾಲುಗಳನ್ನು ಕಾಪಿ ಮಾಡಿಯೇ ನನ್ನ ಅಕ್ಷರ ದುಂಡಗಾದದ್ದು.

ಭಾವನ ಧರ್ಮ ಭಾವನ ಕಾಲಕ್ಕೆ ಸರಿ. ನೀನು ಕೂರುವ ಜಾಗವನ್ನೇ ಅಗೆದು ಕೊಡುವುದು ಯಾವ ಧರ್ಮ? ಈಗಲಾದರೂ ಒಂದು ಮಾಡು. ಹಳೇ ಜಾಗವೇ ಬೇಕೆಂದು ಹಳ್ಳಿಯವರ ಹೆಸರಿನಲ್ಲಿ ಇನ್ನೊಂದು ಮನವಿ ಬರೆ. ಸಹಿ, ಹೆಬ್ಬೆಟ್ಟು ಹಾಕಿಸು. ಅಷ್ಟೇ ಗಟ್ಟಿಯಾಗಿ ಬರೆ. ಕಡತದಲ್ಲಿ ಅದು ಇದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ಸುಭಾಷ


ಸಿದ್ದಾಪುರ
೧೧ ಅಕ್ಟೋಬರ್ ೨೦೨೨

ಸುಭಾಷಾ,

ಬರೆದು ಕಳಿಸಿದ್ದೇನೆ. ಸುಬ್ಬಿಯ ಹೆಬ್ಬೆಟ್ಟು ಎಲ್ಲಕ್ಕಿಂತ ಮೇಲಿದೆ. ನಿಮ್ಮ ದೊಡ್ಡ ಸಾಹೇಬರು ಇದನ್ನು ಗಟ್ಟಿಯಾಗಿ ಓದುವುದಿಲ್ಲ, ನಾನೇ ಹೇಳುತ್ತೇನೆ.

ಯಾಕೆಂದು ಕೇಳು. ಮೂರು ಸಲ ಹರಿದು ಹಾಕಿದೆ. ನಾಗಪತಿಯದನ್ನು ಬರೆಯುವಾಗ ಕೈ ನೀರು ಹರಿದ ಹಾಗೆ ಹರಿದಿತ್ತು. ಇದನ್ನು ಬರೆಯಲು ಕೂತರೆ ಬಸ್ಸಿಳಿಯುವ ಮುದುಕಿಯರು ಬಂದರು, ನಿನ್ನ ಭಾವ ಬಂದರು, ಮೇಜಿನ ಕೆಳಗಿನ ನೀನು ಬಂದೆ. ಅರ್ಜಿಯ ತುಂಬ 'ದಯಮಾಡಿ', 'ಕೈಮುಗಿದು', 'ದಿಕ್ಕಿಲ್ಲದವರು' ಇವೇ. ಅಳುವ ಅರ್ಜಿ ಫೈಲಿನ ತಳ ಸೇರುತ್ತದೆ ಎಂದು ಗಿರಾಕಿಗಳಿಗೆ ಹೇಳುವವಳು ನಾನೇ, ನಾನೇ ಅಳುವ ಅರ್ಜಿ ಬರೆದೆ. ಪಕ್ಷ ಇಲ್ಲದವರು ಮಾತ್ರ ಚೆನ್ನಾಗಿ ಬರೆಯಬಲ್ಲರು ಎಂದು ಕಾಣುತ್ತದೆ. ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಇರಲಿ. ನನ್ನನ್ನು ಬೈದೆಯಲ್ಲ, ಒಂದು ಮಾತು ಕೇಳುತ್ತೇನೆ. ನಾಗಪತಿಯ ಅರ್ಜಿ ಒಂದು ಕಾಗದ, ಸುಬ್ಬಿಯದು ಇನ್ನೊಂದು ಕಾಗದ. ಸರಕಾರದ ಪೆನ್ನು ಇರುವುದು ನಿನ್ನ ಕೈಯಲ್ಲಿ. ಹಳೇ ಜಾಗವೇ ಆಗಬೇಕೆಂದು ಬರೆಯುತ್ತೇನೆ ಎಂದಿದ್ದೆ. ಬರೆದೆಯಾ?

ಅಕ್ಕ


ಶಿರಸಿ
೨೮ ಡಿಸೆಂಬರ್ ೨೦೨೨

ಅಕ್ಕಾ,

ನೀನು ಪೇಪರಿನಲ್ಲಿ ಓದುವ ಮೊದಲು ನಾನೇ ಹೇಳಬೇಕೆಂದು ಬರೆಯುತ್ತಿದ್ದೇನೆ. ಗುಡ್ಡೆಕೊಪ್ಪವೇ ಆಯಿತು.

ನಾನು ವರದಿಯಲ್ಲಿ ಎರಡೂ ಜಾಗದ ಅನುಕೂಲ ಅನನುಕೂಲ ಬರೆದೆ. ಬಸ್ಸಿನ ವಿಷಯ, ಮುದುಕರ ವಿಷಯ ಎಲ್ಲ ಬರೆದೆ. ಕೊನೆಯ ಸಾಲು ಬರೆಯುವ ಮೊದಲು ಸಾಹೇಬರು ಒಳಗೆ ಕರೆದು, "ಸುಭಾಷ, ಸಿದ್ದಾಪುರದಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?" ಎಂದು ಕೇಳಿದರು. ಸುಮ್ಮನೆ ಕೇಳಿದರೋ, ಯಾರಾದರೂ ಹೇಳಿ ಕೇಳಿದರೋ ಗೊತ್ತಿಲ್ಲ. ಇಲ್ಲ ಸರ್ ಎಂದೆ. ಹೊರಗೆ ಬಂದು 'ಎರಡರಲ್ಲಿ ಯಾವುದಾದರೂ ಆಗಬಹುದು' ಎಂದು ಬರೆದು ಸಹಿ ಮಾಡಿದೆ. ನೀನೇ ಹೇಳಿದ ಹಾಗೆ ಪಕ್ಷವಿಲ್ಲದೆ ಬರೆದೆ. ಅವರಿಗೆ ಬೇಕಾದ್ದನ್ನು ಅವರು ಆರಿಸಿಕೊಂಡರು.

ನಕ್ಷೆಯಲ್ಲಿ ಜಗಲಿ ಹಾಗೆಯೇ ಇದೆ. ಅದನ್ನು ಬಿಡುವುದಿಲ್ಲ. ಏರಿನ ಮೇಲಾದರೂ ನಿನಗೆ ಕೂರಲು ಜಾಗ ಇರುತ್ತದೆ. ಬೆಳಿಗ್ಗೆ ಒಂದು ಆಟೋ ಗೊತ್ತುಮಾಡಿಕೊಟ್ಟರಾಯಿತು, ಆ ಜವಾಬ್ದಾರಿ ನನ್ನದು.

ನೇತ್ರಾ ನಿನ್ನನ್ನು ಕೇಳಿದಳು. ಸಂಕ್ರಾಂತಿಗೆ ಬಾ.

ನಿನ್ನ ತಮ್ಮ,
ಸುಭಾಷ


ಸಿದ್ದಾಪುರ
೨೦ ಮಾರ್ಚ್ ೨೦೨೩

ಸುಭಾಷಾ,

ಸಂಕ್ರಾಂತಿಗೆ ಯಾಕೆ ಬರಲಿಲ್ಲ ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಿದ್ದಾಪುರದಲ್ಲಿ ನಿನ್ನವರು ಯಾರೂ ಇಲ್ಲವೆಂದ ಮೇಲೆ ಇಲ್ಲಿಂದ ಯಾರು ಬರಬೇಕು?

ಚುನಾವಣೆಯ ನೀತಿ ಸಂಹಿತೆ ಬೀಳುವ ಮೊದಲು ಕಲ್ಲು ಹಾಕಿ ಮುಗಿಸಬೇಕೆಂಬ ಗಡಿಬಿಡಿಯಲ್ಲಿ ನಿನ್ನೆ ಗುಡ್ಡೆಕೊಪ್ಪದಲ್ಲಿ ಶಂಕುಸ್ಥಾಪನೆ ಆಯಿತಲ್ಲ, ನಾನೂ ಹೋಗಿದ್ದೆ. ನೀನು ವೇದಿಕೆಯ ಹಿಂದೆ ಓಡಾಡುತ್ತಿದ್ದೆ. ಕುರ್ಚಿ ಸಾಲದೆ ನಾನು ಹಿಂದೆ ನಿಂತಿದ್ದೆ. ನಾಗಪತಿ ಮುಂದಿನ ಸಾಲಿನಿಂದ ಎದ್ದು ಬಂದು, "ಇಲ್ಲಿ ಬಾ, ಕೂತ್ಕ" ಎಂದು ತನ್ನ ಕುರ್ಚಿ ಕೊಟ್ಟ. ಕೂರಲಿಲ್ಲ. ಭಾಷಣಗಳಲ್ಲಿ 'ಬಡವರ ಮನೆ ಬಾಗಿಲಿಗೆ ಸರಕಾರ' ಎಂದು ಎಷ್ಟು ಸಲ ಬಂತೋ. ಬಡವರ ಮನೆ ಬಾಗಿಲು ಆ ಏರಿನ ಮೇಲಿದೆ ಎಂದು ನಮಗೆ ಗೊತ್ತಿರಲಿಲ್ಲ.

ವೇದಿಕೆಯ ಪಕ್ಕ ಕಟ್ಟಡದ ಚಿತ್ರ ಹಾಕಿದ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಎಲ್ಲರೂ ಭಾಷಣ ಕೇಳುವಾಗ ನಾನು ಅದರ ಹತ್ತಿರ ಹೋಗಿ ಎಡತುದಿಯಿಂದ ಬಲತುದಿಯವರೆಗೆ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಮೆಟ್ಟಿಲ ಮೇಲೆ ಗಾಜಿನ ಬಾಗಿಲಿದೆ. ಮುಂದೆ ಎರಡು ಹೂಕುಂಡ ಇವೆ. ಬಣ್ಣದ ಕಾರೊಂದು ನಿಂತಿದೆ. ಜಗಲಿ ಕಾಣಲಿಲ್ಲ.

ನನ್ನ ಕಣ್ಣು ಮಂಜಾಗಿರಬಹುದು. ಎಲ್ಲಿದೆ ಎಂದು ಬರೆದು ತಿಳಿಸು.

ಮಹೇಶ್ವರಿ


ಶಿರಸಿ
೩೦ ಏಪ್ರಿಲ್ ೨೦೨೩

ಅಕ್ಕಾ,

ನಿನ್ನ ಕಣ್ಣು ಸರಿಯಾಗಿದೆ.

ಕೊನೆಯ ಮಂಜೂರಾತಿಗೆ ನಕ್ಷೆ ಹೋದಾಗ ಜಗಲಿ ತೆಗೆಯಿರಿ ಎಂದು ಬರೆದು ಬಂತು. ನಾನು ಹೋಗಿ ಕೇಳಿದೆ, ನಿನ್ನಾಣೆ. ಸಾಹೇಬರು ಕಡತ ತೆಗೆದು ನಾಗಪತಿಯ ಮನವಿಯನ್ನು ನನ್ನ ಮುಂದೆ ಇಟ್ಟರು. ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. "ಹಳೇ ಜಗಲಿಯಲ್ಲಿ ಅನಧಿಕೃತ ವ್ಯಕ್ತಿಗಳು ಕೂತು ಶೋಷಣೆ ಮಾಡ್ತಾರೆ ಅಂತ ಸಾರ್ವಜನಿಕರೇ ಬರೆದುಕೊಟ್ಟಿದ್ದಾರೆ. ಹೊಸದರಲ್ಲಿ ಮತ್ತೆ ಅವರಿಗೆ ಕಟ್ಟೆ ಕಟ್ಟಿಕೊಡ್ತೀರಾ?" ಎಂದರು. ಬರೆದವಳು ನೀನು. ಕೂತವಳೂ ನೀನು. ಎರಡನ್ನೂ ಹೇಳುವ ಹಾಗಿರಲಿಲ್ಲ.

ಹೇಳಬಹುದಿತ್ತು ಎಂದು ನೀನು ಅನ್ನುತ್ತೀಯ. ಗೊತ್ತು.

ಸುಭಾಷ


ಸಿದ್ದಾಪುರ
೧೦ ಫೆಬ್ರವರಿ ೨೦೨೫

ಇವರಿಗೆ,
ಜನಸೇವಾ ಸೌಧದ ಉಸ್ತುವಾರಿ ಇಂಜಿನಿಯರ್ ಸಾಹೇಬರು,
ಶಿರಸಿ.

ವಿಷಯ: ಮೆಟ್ಟಿಲ ಪಕ್ಕದಲ್ಲಿ ಒಂದು ಮೇಜು ಹಾಕಲು ಅನುಮತಿ ಕೋರಿ.

ಮಾನ್ಯರೇ,

ಈ ಮೂಲಕ ಕೆಳಗೆ ಸಹಿ ಮಾಡಿದ ನಾನು ವಿನಂತಿಸಿಕೊಳ್ಳುವುದೇನೆಂದರೆ, ಹಳೇ ಕಚೇರಿಯ ಜಗಲಿಯಲ್ಲಿ ಕುಳಿತು ಸಾರ್ವಜನಿಕರಿಗೆ ಅರ್ಜಿ ಬರೆದುಕೊಟ್ಟು ಜೀವನ ಸಾಗಿಸುತ್ತಿದ್ದೆ. ಕಳೆದ ತಿಂಗಳು ಸದರಿ ಕಚೇರಿ ಗುಡ್ಡೆಕೊಪ್ಪದ ನೂತನ ಸೌಧಕ್ಕೆ ಸ್ಥಳಾಂತರಗೊಂಡಿದ್ದು, ಹಳೇ ಕಟ್ಟಡವನ್ನು ಕೆಡವಲಾಗಿದೆ. ಸೌಧದ ಕಾವಲುಗಾರರು ನನ್ನನ್ನು ಮೆಟ್ಟಿಲಿನಿಂದಲೂ ಅಂಗಳದಿಂದಲೂ ಎಬ್ಬಿಸಿರುತ್ತಾರೆ. ಈಗ ನಾನು ಗೇಟಿನ ಹೊರಗೆ ಬಿಸಿಲಿನಲ್ಲಿ ಕೂರುತ್ತೇನೆ.

ನನಗೆ ಮೆಟ್ಟಿಲ ಪಕ್ಕದಲ್ಲಿ, ಮಾಡಿನ ನೆರಳು ಬೀಳುವಲ್ಲಿ, ಒಂದು ಮೇಜು ಒಂದು ಸ್ಟೂಲು ಇಡಲು ಅನುಮತಿ ಕೊಡಬೇಕು. ಯಾರ ದಾರಿಯನ್ನೂ ತಪ್ಪಿಸುವುದಿಲ್ಲ.

ಊರಿಗೆಲ್ಲ ಬರೆದುಕೊಟ್ಟರೂ ನನ್ನ ಸಲುವಾಗಿ ನಾನು ಬರೆಯುತ್ತಿರುವ ಮೊದಲ ಅರ್ಜಿ ಇದು. ಇಲ್ಲಿಂದ ಮುಂದೆ ಏನು ಬರೆಯಬೇಕೆಂದು ಹೊಳೆಯುತ್ತಿಲ್ಲ. ಆದಷ್ಟು ಬೇಗ ತಿಳಿಸಬೇಕು.

ತಮ್ಮ ವಿಶ್ವಾಸಿ,
ಮಹೇಶ್ವರಿ


ಶಿರಸಿ
೪ ಮಾರ್ಚ್ ೨೦೨೫

ಹಿಂಬರಹ

ಶ್ರೀಮತಿ ಮಹೇಶ್ವರಿ, ಸಿದ್ದಾಪುರ, ಇವರು ದಿನಾಂಕ ೧೦-೦೨-೨೦೨೫ರಂದು ಸಲ್ಲಿಸಿದ ಮನವಿಯನ್ನು ಪರಿಶೀಲಿಸಲಾಗಿದೆ. ಜನಸೇವಾ ಸೌಧದ ಮಂಜೂರಾದ ನಕ್ಷೆಯಲ್ಲಿ ಖಾಸಗಿ ವ್ಯಕ್ತಿಗಳಿಗೆ ಸ್ಥಳಾವಕಾಶ ಇರುವುದಿಲ್ಲ. ಆದ್ದರಿಂದ ಸದರಿ ಮನವಿಯನ್ನು ಪುರಸ್ಕರಿಸಲು ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ.

(ಸಹಿ) ಸುಭಾಷ
ಉಸ್ತುವಾರಿ ಇಂಜಿನಿಯರ್


ಸಿದ್ದಾಪುರ
೨೭ ಜುಲೈ ೨೦೨೫

ಸುಭಾಷಾ,

ನಿನಗೆ ಯಲ್ಲಾಪುರಕ್ಕೆ ವರ್ಗವಾಯಿತೆಂದು ನೇತ್ರಾ ಹೇಳಿದಳು. ವಿಳಾಸವನ್ನೂ ಅವಳೇ ಕೊಟ್ಟಳು.

ಹಿಂಬರಹ ಆಗಲೇ ತಲುಪಿತ್ತು. ತಪ್ಪಿಲ್ಲದೆ ಬರೆದಿದ್ದೀಯ. 'ಪುರಸ್ಕರಿಸಲು ಅವಕಾಶವಿರುವುದಿಲ್ಲ' ಎಂಬುದು ನಿನ್ನ ಭಾವ ಗಿರಾಕಿಗಳಿಗೆ ಓದಿ ಹೇಳುತ್ತಿದ್ದ ಸಾಲು, ಮೇಜಿನ ಕೆಳಗೆ ಕಲಿತದ್ದು ವ್ಯರ್ಥವಾಗಲಿಲ್ಲ. ಕಾಗದವನ್ನು ತಿರುಗಿಸಿ ಹಿಂಭಾಗ ನೋಡಿದೆ, ಪೆನ್ಸಿಲಿನಲ್ಲಾದರೂ ಅಕ್ಕಾ ಎಂದು ಒಂದು ಮಾತು ಇದೆಯೋ ಎಂದು. ಬರೀ ಬಿಳಿ ಇತ್ತು. ಆ ದಿನ ಅತ್ತೆ. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ, ಹೇಳಿದ್ದೇನೆ.

ಸುಬ್ಬಿ ಹೊಸ ಸೌಧಕ್ಕೆ ಒಂದೇ ಸಲ ಬಂದಳು. ಏರು ಹತ್ತಿ ಬಂದು ಸುಸ್ತಾಗಿ ಗೇಟಿನ ಹತ್ತಿರ ಕೂತುಬಿಟ್ಟಳು. "ನಿನ್ನ ತಮ್ಮ ಕಟ್ಟಿದ್ದು ಇದೇ ಏನೇ ಅಮಾ?" ಎಂದು ಕೇಳಿದಳು. ಚುಚ್ಚಿ ಕೇಳಿದ್ದಲ್ಲ, ಅವಳಿಗೆ ಹಾಗೆ ಕೇಳಲು ಬರುವುದಿಲ್ಲ. ಒಳಗೆ ಹೋಗುವಷ್ಟರಲ್ಲಿ ಊಟದ ಹೊತ್ತಾಗಿತ್ತು, ಬಸ್ಸು ತಪ್ಪೀತೆಂದು ತಿರುಗಿ ಹೋದಳು. ಆಮೇಲೆ ಬರಲಿಲ್ಲ. ಅವಳ ಗದ್ದೆ ಇನ್ನೂ ಸತ್ತ ಗಂಡನ ಹೆಸರಿನಲ್ಲೇ ಇದೆ.

ಕೊನೆಗೆ ನನಗೆ ಜಾಗ ಕೊಟ್ಟವನು ನಾಗಪತಿ. ಸೌಧದ ಎದುರಿಗೆ ಅಂಗಡಿ ಸಾಲು ಕಟ್ಟಿಸಿದ್ದಾನಲ್ಲ, ಒಂದು ದಿನ ತಾನಾಗಿ ಬಂದು, "ಬಿಸಿಲಲ್ಲಿ ಎಂಥಕ್ಕೆ ಕೂತಿದ್ದೆ ಮಾರಾಯ್ತಿ? ನಮ್ಮ ಅಂಗಡಿ ಜಗಲಿ ಮೇಲೆ ಮೇಜು ಹಾಕ್ಕ. ನಿನ್ನ ಅರ್ಜಿಯಿಂದಲೇ ಅಲ್ದನೇ ಇದೆಲ್ಲ ಆದದ್ದು!" ಎಂದ. ಮೇಜನ್ನು ಅವನ ಆಳುಗಳೇ ಎತ್ತಿಕೊಂಡು ಹೋದರು. ಬಾಡಿಗೆ ಬೇಡವೆಂದ. ಅವನಿಗೆ ಉಪಕಾರ ಸ್ಮರಣೆ ಇದೆ. ನನ್ನನ್ನು ಸುಡುವುದು ಅದೇ. ಈಗ ಅವನ ಜಗಲಿಯಲ್ಲಿ ಕೂತು ನಿನ್ನ ಗಾಜಿನ ಬಾಗಿಲು ನೋಡುತ್ತ ಬರೆಯುತ್ತೇನೆ.

ಈ ಪತ್ರ ಬರೆಯಲು ಕಾರಣ ಬೇರೆ ಇದೆ. ಈ ಮಳೆಗಾಲದಲ್ಲಿ ನಿನ್ನ ಸೌಧ ಸೋರಿತು. ಮೇಲಿನಿಂದ ಸೋರಿದ್ದು ಸ್ವಲ್ಪ, ಮುಂದಿನಿಂದ ನುಗ್ಗಿದ್ದು ಹೆಚ್ಚು. ಗುಡ್ಡದ ಮೇಲಿನ ಗಾಳಿ ಮಳೆಯ ಎರಚಲು ತಡೆಯಲು ಮುಂದೆ ಏನೂ ಇಲ್ಲ. ನೀರು ಬಾಗಿಲ ಸಂದಿಯಿಂದ ಒಳಗೆ ಹೋಗಿ ಕೆಳಗಿನ ಕಪಾಟಿನ ಪಹಣಿ ಕಡತಗಳೆಲ್ಲ ಒದ್ದೆಯಾದವು. ಊರವರಿಗೆ ಸಿಟ್ಟು ಬಂತು. ಕಟ್ಟಿಸಿದ ಇಂಜಿನಿಯರ್ ಮೇಲೆ ತನಿಖೆಯಾಗಬೇಕು, ದೂರು ಬರೆದುಕೊಡಿ ಎಂದು ಏಳೆಂಟು ಜನ ನನ್ನ ಮೇಜಿಗೆ ಬಂದರು.

ಅವರಲ್ಲೊಬ್ಬನಿಗೆ ಅನುಮಾನ ಬಂತು. "ಅಕ್ಕಾ, ಆ ಇಂಜಿನಿಯರ್ ನಿಮ್ಮ ತಮ್ಮ ಅಲ್ದಾ?" ಎಂದ.

"ಅಲ್ಲ," ಎಂದೆ. "ನಮ್ಮೂರಿನವರು."

ಬರೆದುಕೊಟ್ಟೆ. ನಿನ್ನ ಹೆಸರು, ಹುದ್ದೆ, ಮಾದರಿ ನಕ್ಷೆ ನಮ್ಮ ಮಳೆಗೆ ಹೊಂದದೆಂದು ತಿಳಿದೂ ಜಗಲಿ ಕೈಬಿಟ್ಟದ್ದು, ಎಲ್ಲ ಕ್ರಮವಾಗಿ ಬಂದಿದೆ. ಈ ಸಲ ಕೈ ತಡವರಿಸಲಿಲ್ಲ, ಒಂದೂ 'ದಯಮಾಡಿ' ಇಲ್ಲ. ಯಾವುದಾದರೂ ಸಭೆಯಲ್ಲಿ ಗಟ್ಟಿಯಾಗಿ ಓದಿಯೇ ಓದುತ್ತಾರೆ. ನಿನಗೆ ವಿವರಣೆ ಕೇಳಿ ನೋಟೀಸು ಬರುತ್ತದೆ.

ಅದಕ್ಕೆ ಉತ್ತರ ನೀನೇ ಬರೆಯಲು ಹೋಗಬೇಡ. ಸ್ವಂತದ್ದು ಬರೆಯುವಾಗ ಕೈ ಕೆಡುತ್ತದೆ, ನಾನು ನೋಡಿದ್ದೇನೆ. ಯಲ್ಲಾಪುರದಿಂದ ಶಿರಸಿಗೆ ಬಂದು ಅಲ್ಲಿಂದ ಸಿದ್ದಾಪುರದ ಬಸ್ಸು ಹಿಡಿ, ಇಳಿದು ಏರು ಹತ್ತಿ ಬಾ. ಸೌಧದ ಎದುರಿಗೇ ಕೂತಿರುತ್ತೇನೆ. ಬರೆಸಲು ಬಂದವರ ಪಕ್ಷ ನಾನು ಕೇಳುವುದಿಲ್ಲ.

ಮಹೇಶ್ವರಿ,
ಅರ್ಜಿ ಬರೆಯುವವಳು